ಸಿದ್ದಲಿಂಗಪ್ಪನ ಸೋಮವಾರ

ಮುಂಬಯಿ ಆಂಟಾಪ್ ಹಿಲ್ಲಿನ ಸಿದ್ದಲಿಂಗಪ್ಪ ಒಂದನ್ನು ಹಿಡಿದನೆಂದರೆ ಅದು ಉಡದ ಹಿಡಿತ, ಬಿಡಿಸಲು ಬ್ರಹ್ಮ ಬಂದರೂ ಆಗದು. ಒಂದು ಕಾಲಕ್ಕೆ ಇಸ್ಪೀಟು ಹಿಡಿದಿದ್ದ. ಅದು ಬಿಟ್ಟ ಮೇಲೆ ಭಜನಾ ಮಂಡಳಿಯ ತಾಳ ಹಿಡಿದು, ಪಕ್ಕದ ಬಿಲ್ಡಿಂಗಿನವರು ಕೈಮುಗಿದು ಬೇಡಿಕೊಳ್ಳುವ ತನಕ ಬಾರಿಸಿದ್ದ. ಹೋದ ವರ್ಷದಿಂದ ಅವನಿಗೆ ವ್ಯಾಯಾಮದ ಹುಚ್ಚು.

ಹುಚ್ಚಿಗೂ ಒಂದು ಕಾರಣವಿತ್ತು, ಅದನ್ನು ಹೇಳದೆ ನಕ್ಕರೆ ತಪ್ಪಾದೀತು. ಸಿದ್ದಲಿಂಗಪ್ಪ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಮೀಸೆ ಚಿಗುರುವ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಜೋಗೇಶ್ವರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿ ಇಲ್ಲಿಯೇ ಬೇರು ಬಿಟ್ಟವನು. ಊರಿನ ಹೊಲ ನೋಡಿಕೊಂಡಿದ್ದ ಅಣ್ಣ ಶರಣಬಸಪ್ಪ ಐವತ್ತೆರಡನೇ ವಯಸ್ಸಿಗೆ, ಹೊಲದಲ್ಲಿ ನಿಂತವನು ನಿಂತಂತೆಯೇ ಎದೆ ಹಿಡಿದುಕೊಂಡು ಕುಸಿದು ಹೋದ. ಅಣ್ಣನ ನೆನಪಿಗೆಂದು ಅವನ ಎತ್ತಿನ ಗೆಜ್ಜೆಸರವೊಂದನ್ನು ತಂದು ಟಿ.ವಿ. ಪಕ್ಕದ ಮೊಳೆಗೆ ನೇತು ಹಾಕಿದ್ದ ಸಿದ್ದಲಿಂಗಪ್ಪ. ಈಗ ಅವನಿಗೂ ಐವತ್ತೆರಡು. ಆ ಸರ ಕಣ್ಣಿಗೆ ಬಿದ್ದಾಗೆಲ್ಲ ಅವನ ಕೈ ತಾನಾಗಿಯೇ ಎದೆ ಮುಟ್ಟಿ ನೋಡುತ್ತಿತ್ತು.

ಅಂಥದರಲ್ಲಿ ಡಾಕ್ಟರು, ಸಕ್ಕರೆ ಅಂಚಿಗೆ ಬಂದಿದೆ, ದಿನಾ ಸ್ವಲ್ಪ ನಡೆಯಿರಿ ಅಂದರು. ‘ಸ್ವಲ್ಪ’ ಎಂಬ ಮಾತು ಈ ಪುಣ್ಯಾತ್ಮನ ಕಿವಿಗೆ ಬೀಳಲೇ ಇಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಕಾಲನಿಯ ಮೈದಾನ ಸುತ್ತಿದ. ಮೊದಲು ನಡಿಗೆ, ಆಮೇಲೆ ಓಟ, ಓಟ ಸಾಲದೆಂದು ಬಸ್ಕಿ. ಭಾನುವಾರ ಬಿಡಲಿಲ್ಲ, ಹಬ್ಬ ಬಿಡಲಿಲ್ಲ, ಜ್ವರ ಬಂದ ದಿನವೂ ಬಿಡಲಿಲ್ಲ. ಸೋಮವಾರವಂತೂ ಶಿವನ ವಾರ ಅಂತ ಒಪ್ಪೊತ್ತು ಬೇರೆ, ಅದರ ಮೇಲೆ ಹೆಚ್ಚಿನ ಸುತ್ತು ಬೇರೆ. ಶಿವ ಕೂಡ ಮೇಲಿಂದ ನೋಡಿ, ಸಾಕು ಮಾರಾಯ, ಮನೆಗೆ ಹೋಗು ಅಂದಿರಬೇಕು.

ಮೈದಾನದ ಕಟ್ಟೆಯ ಮೇಲೆ ಕೂತವರಿಗೆ ಉಪದೇಶವೂ ಇತ್ತು. “ಕಬ್ಬಿಣ ಕುಂತ್ರ ತುಕ್ಕ ಹಿಡೀತೈತಿ. ಮೈ ದುಡಿಸಿದವಗ ಸಾವಿಲ್ಲ” ಅನ್ನುತ್ತಿದ್ದ. ಮೈಯ ಕಥೆ ಮಾತ್ರ ಬೇರೆಯೇ ಇತ್ತು. ಲೋಕಲ್‌ನಲ್ಲಿ ಕೂತಲ್ಲೇ ನಿದ್ದೆ ಹೋಗಿ, ಜೋಗೇಶ್ವರಿ ದಾಟಿ ಗೋರೆಗಾಂವಿನಲ್ಲಿ ಯಾರೋ ತಟ್ಟಿ ಎಬ್ಬಿಸಿದಾಗ ಕಣ್ಣುಜ್ಜಿಕೊಂಡು ಇಳಿಯುವುದು ರೂಢಿಯಾಯಿತು. ಮನೆಯಲ್ಲಿ ಸಣ್ಣ ಮಾತಿಗೂ ಸಿಡಿಮಿಡಿ. ಹೆಂಡತಿ ದಾನವ್ವ ಸಂಜೆಯೆಲ್ಲ ಅವನ ಮೊಣಕಾಲಿಗೆ ಎಣ್ಣೆ ತಿಕ್ಕುವಳು, ತಿಕ್ಕುತ್ತ ಬೈಯುವಳು. ಎಣ್ಣೆಯೇನೋ ಇಳಿಯಿತು, ಬೈಗುಳ ಇಳಿಯಲಿಲ್ಲ.

ಮಲಾಡಿನ ಆಫೀಸಿಗೆ ಹೋಗುವ ಮಗಳು ವಂದನಾ ತನ್ನ ಹರಕು ಕನ್ನಡದಲ್ಲಿ ಹೇಳಿ ನೋಡಿದಳು. “ಪಪ್ಪಾ, ಬಾಡೀಗೆ ರೆಸ್ಟ್ ಭೀ ಬೇಕಲ್ಲ? ರಿಕವರಿ ಆಗೋದು ಮಲಗಿದ ಟೈಮ್‌ದಾಗ. ನನ್ನ ಜಿಮ್‌ದಾಗ ಭೀ ಸಬ್ ಲೋಗ್ ಒಂದಿನ ರಜಾ ತೊಗೋತಾರ.”

“ರಜಾ ತೊಗೊಂಡವರ ಸುದ್ದಿ ನನಗ ಹೇಳಬ್ಯಾಡವಾ” ಅಂದ ಸಿದ್ದಲಿಂಗಪ್ಪ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಜೂನ್ ತಿಂಗಳ ಒಂದು ಸೋಮವಾರ, ಹೊಟ್ಟೆಗೆ ಹನಿ ಚಹಾ ಮಾತ್ರ ಹಾಕಿಕೊಂಡು, ಮಳೆಯಲ್ಲೇ ಸುತ್ತು ಮುಗಿಸಿ ಕೆಲಸಕ್ಕೆ ಹೊರಟವನಿಗೆ ಜೋಗೇಶ್ವರಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ಮೊಣಕಾಲು ಕೈಕೊಟ್ಟಿತು. ಅಷ್ಟು ಜನರ ನಡುವೆ ದೊಪ್ಪನೆ ಕೂತುಬಿಟ್ಟ. ಹೂ ಮಾರುವ ಹೆಂಗಸೊಬ್ಬಳು ನೀರು ಕುಡಿಸಿದಳು. ಜೊತೆಯ ಕೆಲಸಗಾರರು ಟ್ಯಾಕ್ಸಿಯಲ್ಲಿ ಮನೆಗೆ ತಂದು ಬಿಟ್ಟರು. ದಾನವ್ವ ಬಾಗಿಲಲ್ಲಿ ಅವನ ಮುಖ ನೋಡಿದವಳು ಬೈಯುವುದನ್ನೂ ಮರೆತು ಅತ್ತಳು.

ಡಾಕ್ಟರು ಹರಿದಿರುವುದು ಏನೂ ಇಲ್ಲ, ಬಾವು ಅಷ್ಟೆ ಅಂದರು. ಇಳಿಯುವ ತನಕ ಮಲಗಿ, ಆಮೇಲೆ ಓಟ ಬೇಡ, ನಡೆಯಿರಿ, ವಾರಕ್ಕೊಂದು ದಿನ ಮೈಗೆ ಬಿಡುವು ಕೊಡಿ ಅಂತ ಬಿಡಿಸಿ ಹೇಳಿದರು. ಸಿದ್ದಲಿಂಗಪ್ಪ ತಲೆಯಾಡಿಸಿದ. ತಲೆಯಾಡಿಸುವುದರಲ್ಲಿ ಅವನು ಕೋಲೆ ಬಸವನನ್ನೂ ಮೀರಿಸಿದವನು. ಮಲಗಿದ ದಿನಗಳಲ್ಲಿ ಭಯ ಇನ್ನೂ ಹೆಚ್ಚಾಯಿತು. ಓಡುವಾಗ ಸಾವು ಹಿಂದೆ ಬಿದ್ದಿದೆ ಅನ್ನಿಸುತ್ತಿತ್ತು, ಮಲಗಿದರೆ ಪಕ್ಕದಲ್ಲೇ ಬಂದು ಕೂತ ಹಾಗಾಗುತ್ತಿತ್ತು. ಬಾವು ಇಳಿಯುತ್ತ ಬಂದದ್ದೇ ತಡ, ಬರುವ ಸೋಮವಾರ ಬಿಟ್ಟದ್ದನ್ನೆಲ್ಲ ಬಡ್ಡಿ ಸಮೇತ ಓಡಿ ತೀರಿಸುತ್ತೇನೆಂದು ಒಳಗೊಳಗೇ ನಿಶ್ಚಯಿಸಿ, ಬೂಟು ಒರೆಸಿ ಬಾಗಿಲ ಹಿಂದೆ ಇಟ್ಟ. ದಾನವ್ವ ನೋಡಿದಳು.

ಭಾನುವಾರ ಸಂಜೆ ಊರಿನಿಂದ ಫೋನು ಬಂತು. ಅಣ್ಣನ ಮಗ ಸಂತು, ಈಗ ಹೊಲ ನೋಡಿಕೊಳ್ಳುವವನು ಅವನೇ. ಕಾಲಿನ ಕ್ಷೇಮ ಕೇಳಿದ, ಮಳೆಯ ಸುದ್ದಿ ಹೇಳಿದ, ಕಡೆಗೆ ಮೆಲ್ಲಗೆ, ನಾಳೆ ಎತ್ತು ಹೂಡುತ್ತೇನೆ ಅಂದ.

ಸಿದ್ದಲಿಂಗಪ್ಪ ಹಾಸಿಗೆಯಿಂದ ಎದ್ದು ಕೂತ. “ಏನಂದಿ? ಸೋಮವಾರ ಹೂಡ್ತೀ? ಸೋಮವಾರ?”

“ಹದ ತಪ್ಪತೈತಿ ಕಾಕಾ. ನಾಳೆ ಒಂದಿನ ಹೂಡಿದ್ರ ತೊಗರಿ ಬಿತ್ತೋದು ಮುಗೀತೈತಿ. ಈಗ ಊರಾಗ ಮಂದಿ ಹೂಡಾಕತ್ಯಾರ.”

“ಮಂದಿ ಬಾವಿಗಿ ಬಿದ್ರ ನೀನೂ ಬೀಳ್ತೀಯೇನಲೇ? ನಮ್ಮ ಮನಿಯಾಗ ಅಜ್ಜನ ಕಾಲದಿಂದ ಸೋಮವಾರ ಬಸವಣ್ಣನ ಹೆಗಲಿಗಿ ನೊಗ ಇಟ್ಟಿಲ್ಲ! ವಾರೆಲ್ಲಾ ದುಡದ ಜೀವಕ್ಕ ಒಂದಿನ ಉಸರ ಬಿಡಾಕ ಕೊಡಂಗಿಲ್ಲಂದ್ರ ನೀ ಎಂಥಾ ರೈತ? ಒಂದಿನ ಮಲಗಿ ಎದ್ದ ಎತ್ತು ಮರುದಿನ ಹುರುಪಿಲೆ ಎಳೀತೈತಿ. ದಿನಾ ಹೂಡಿದ್ರ ಒಂದಿನ ಕಾಲ ಮಡಚಿ ಬೀಳತೈತಿ, ಆಗ ಬಾಯಿ ಬಾಯಿ ಬಡಕೋತಿ!”

ಗದರಿಕೆಗೆ ಇಡೀ ಬಿಲ್ಡಿಂಗು ನಡುಗಿತು. ಎದುರು ಮನೆಯ ಮರಾಠಿ ಅಜ್ಜಿ ಏನಾಯಿತೆಂದು ಬಾಗಿಲು ತೆರೆದು “ಕಾಯ್ ಝಾಲಂ?” ಅಂದಳು. ಅಡಿಗೆಮನೆಯಲ್ಲಿ ದಾನವ್ವ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು.

ಮರುದಿನ ನಸುಕಿನಲ್ಲಿ ಎದ್ದು ನೋಡಿದರೆ ಬಾಗಿಲ ಹಿಂದೆ ಬೂಟಿಲ್ಲ. ಮಂಚದ ಕೆಳಗೂ ಇಲ್ಲ. “ಏ, ನನ್ನ ಬೂಟ ಎಲ್ಲಿ?” ಅಂತ ಕೂಗುತ್ತ ಅಡಿಗೆಮನೆಗೆ ಬಂದ.

ದಾನವ್ವ ಮಿಂದು, ಹಣೆತುಂಬ ವಿಭೂತಿ ಹಚ್ಚಿಕೊಂಡು, ನೆಲದ ಮೇಲೆ ಮಣೆ ಹಾಕಿ ನಿಂತಿದ್ದಳು. ಪಕ್ಕದಲ್ಲಿ ಬಿಸಿನೀರಿನ ಬಕೆಟ್ಟು, ಹರಿವಾಣದಲ್ಲಿ ದೀಪ, ತಾಟಿನಲ್ಲಿ ಹೋಳಿಗೆ.

“ನೊಗ ಇಳಿಸಿ ಮಾಳಾದ ಮ್ಯಾಲ ಒಗದೀನ್ರಿ” ಅಂದಳು, ಬಾಗಿಲ ಮೇಲಿನ ಅಟ್ಟ ತೋರಿಸಿ. “ಇವತ್ತ ಸೋಮವಾರ. ನಮ್ಮ ಮನಿ ಬಸವಣ್ಣನ ಹೂಡಂಗಿಲ್ಲ. ಕುಂದ್ರಿ.”

ಅವನು ಬಾಯಿ ತೆರೆಯುವುದರೊಳಗೆ ಭುಜ ಹಿಡಿದು ಕೂರಿಸಿಬಿಟ್ಟಳು. ಮೊಣಕಾಲಿಗೆ ಬಿಸಿನೀರು ಹೊಯ್ದು ತೊಳೆದಳು, ಹಣೆಗೆ ವಿಭೂತಿ ಬಳಿದಳು, ಮೊಳೆಯಿಂದ ಗೆಜ್ಜೆಸರ ತಂದು ಕೊರಳಿಗೆ ಹಾಕಿದಳು. ಬ್ರಷ್ಷು ಬಾಯಲ್ಲಿಟ್ಟುಕೊಂಡು ಬಂದ ವಂದನಾ “ಮಮ್ಮಿ, ಯೇ ಕ್ಯಾ!” ಅಂದವಳು ನಗು ತಡೆಯಲಾರದೆ ನೊರೆಯೆಲ್ಲ ಉಗುಳಿದಳು.

ಸಿದ್ದಲಿಂಗಪ್ಪನಿಗೂ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು, ಸಿಟ್ಟಿನ ಹಿಂದಿನಿಂದ ಅದೇ ಭಯ. “ನಿಮಗ ಚ್ಯಾಷ್ಟಿ. ಅಣ್ಣ ಹೆಂಗ ಹೋದಾಂತ ಮರತ್ರೇನು? ನಾ ಹಂಗ ಹೋದ್ರ ನಿಮಗ ಯಾರದಾರ?”

ದಾನವ್ವ ಅವನೆದುರು ನೆಲದ ಮೇಲೆ ಕೂತಳು.

“ನಾ ಹೆಂಗ ಮರೀಲ್ರಿ? ಅವತ್ತ ನೀವು ಇಲ್ಲಿದ್ರಿ, ನಾ ಊರಾಗಿದ್ದೆ. ಬುತ್ತಿ ತೊಗೊಂಡ ಹೊಲಕ್ಕ ಹೋದಾಕಿ ನಾನ. ಅವತ್ತೂ ಸೋಮವಾರ. ಎತ್ತು ಎರಡೂ ಬೇವಿನ ಗಿಡದ ನೆಳ್ಳಾಗ ಮಲಗಿ ಮೆಲಕ ಹಾಕ್ತಿದ್ದುವು. ಭಾವಾರು ಉರಿ ಬಿಸಲಾಗ ಗುದ್ದಲಿ ಹಿಡದು ಒಡ್ಡು ಹಾಕ್ತಿದ್ರು. ‘ಭಾವಾರ, ಇವತ್ತರ ಕುಂದ್ರಿ’ ಅಂದೆ. ‘ಸೋಮವಾರ ಎತ್ತಿಗಿ ದಾನವ್ವಾ, ನನಗಲ್ಲ’ ಅಂತ ನಕ್ಕರು.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅವರು ಯಾಕ ಹೋದ್ರೋ ಶಿವಗ ಗೊತ್ತು, ನಾ ಏನ್ ಡಾಕ್ಟರಲ್ಲ. ಆದ್ರ ಮೈ ದುಡಿಸದ ಹೋದವರಲ್ಲ ಅವರು. ನಿಮಗ ಅಂಜಿಕಿ ಐತಿ, ನನಗಿಲ್ಲೇನು? ದಿನಾ ನೀವು ತಿರುಗಿ ಬರೂ ತನಕ ನಾ ಬಾಗಲಾ ನೋಡ್ತೀನಿ. ನಾಳೆ ಬೂಟ ನಾನ ಇಳಿಸಿ ಕೊಡ್ತೀನಿ, ನಡದು ಬರ್ರಿ, ಬ್ಯಾಡನ್ನಂಗಿಲ್ಲ. ಇವತ್ತೊಂದಿನ ನಮ್ಮ ಕಣ್ಣ ಮುಂದ ಇರ್ರಿ.”

ಸಿದ್ದಲಿಂಗಪ್ಪನಿಗೆ ಅಣ್ಣನ ಅಂಗೈ ನೆನಪಾಯಿತು. ಗುದ್ದಲಿಯ ಕಾವು ಹಿಡಿದು ಹಿಡಿದು ಜಡ್ಡುಗಟ್ಟಿದ ಅಂಗೈ, ಬಾಲ್ಯದಲ್ಲಿ ತಲೆ ಸವರಿದರೆ ಕೂದಲಿಗೆ ಸಿಕ್ಕಿ ಎಳೆಯುತ್ತಿತ್ತು. ಮೈ ದುಡಿಸಿದವನಿಗೆ ಸಾವಿಲ್ಲ ಅಂತ ವರ್ಷವೆಲ್ಲ ಕಟ್ಟೆಯ ಮೇಲೆ ಕೂತವರಿಗೆ ಸಾರಿದವನಿಗೆ, ಆ ಅಂಗೈ ಒಮ್ಮೆಯೂ ಹೊಳೆದಿರಲಿಲ್ಲ. ಗೆಜ್ಜೆಸರ ಕೊರಳಲ್ಲಿ ಇದ್ದಂತೆಯೇ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ವಂದನಾ ಬಂದು ಬೆನ್ನು ಸವರುತ್ತ ಪಕ್ಕದಲ್ಲಿ ಕೂತಳು.

ಹೋಳಿಗೆ ಮುರಿದು ಬಾಯಿಗಿಡುವಷ್ಟರಲ್ಲಿ ಫೋನು ಬಡಿದುಕೊಂಡಿತು. ಸಂತು.

“ಕಾಕಾ, ನಿಮ್ಮ ಮಾತ ಮೀರಿಲ್ಲ ನೋಡ್ರಿ. ಎತ್ತು ಹೂಡಿಲ್ಲ. ಮೈ ತೊಳದು ಬೇವಿನ ಗಿಡಕ್ಕ ಕಟ್ಟೀನಿ.”

“ಚಲೋ ಮಾಡಿದಿ ಮಗನ. ನೀ ಎಲ್ಲದಿ? ಗಾಳಿ ಭಾಳ ಕೇಳಸಾಕತ್ತೈತಿ.”

“ಹೊಲದಾಗ. ಮಳಿಗಿ ಒಡ್ಡು ಒಡದೈತಿ. ಹೆಂಗೂ ಎತ್ತಿನ ಕೆಲಸಿಲ್ಲಲ್ಲ, ಗುದ್ದಲಿ ತೊಗೊಂಡು ಬಂದೀನಿ.”

ಸಿದ್ದಲಿಂಗಪ್ಪನ ಕೈಯಿಂದ ಹೋಳಿಗೆ ತಾಟಿಗೆ ಬಿತ್ತು. ಅವನು ದಾನವ್ವನ ಮುಖ ನೋಡಿದ. ನಿನ್ನೆ ಗದರಿದ ದನಿ ಎಲ್ಲಿ ಹೋಯಿತೋ, ಈಗ ಹೊರಟದ್ದು ಬೇಡಿಕೊಳ್ಳುವವನ ದನಿ.

“ಸಂತು, ಗುದ್ದಲಿ ಕೆಳಗ ಇಡಪಾ.”

“ಯಾಕ ಕಾಕಾ? ಏನಾತು?”

“ಏನೂ ಆಗಿಲ್ಲ. ನೀ ಮೊದಲ ಇಡು. ಇಟ್ಟಿ? ಈಗ ಬೇವಿನ ಗಿಡದ ಬುಡಕ ನಡಿ. ಎತ್ತಿನ ಬಾಜೂಕ ಕುಂದ್ರು. ಒಡ್ಡು ನಾಳೆ ಹಾಕಿದ್ರಾತು. ನಾನೂ ಇಲ್ಲಿ ಕುಂತೀನಿ. ನೀ ಕುಂತೆ ಅನ್ನೂ ತನಕ ಫೋನ್ ಇಡಂಗಿಲ್ಲ ನಾ.”

ಆ ಕಡೆ ಹೆಜ್ಜೆಯ ಸಪ್ಪಳ, ಗಾಳಿ, ಕಿವಿ ಕೊಡವಿದ ಎತ್ತಿನ ಗೆಜ್ಜೆ ಕೇಳಿಸಿತು. ಈ ಕಡೆ ಮೂವರೂ ಫೋನಿಗೆ ಕಿವಿಗೊಟ್ಟು ಕಾಯುತ್ತಿದ್ದರು.

“ಕುಂತೆ, ಕಾಕಾ” ಅಂದ ಸಂತು.