ಬೇಲಿಯ ಬ್ಯಾಟರಿ

ಮೊನ್ನೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಮೊಣಕಾಲಿನ ಅವಸ್ಥೆ ಕಂಡು ಮರುಗಿದ ಸಿಬ್ಬಂದಿ ನನ್ನನ್ನು ಬ್ಯಾಟರಿ ಗಾಡಿಯಲ್ಲಿ ಕೂರಿಸಿದರು. ಚಾಲಕ ಪೆಡಲ್ ಒತ್ತಿದ. ಸೀಟಿನ ಕೆಳಗೆ ‘ಟಕ್’ ಎಂದಿತು, ಗಾಡಿ ಹೊರಟಿತು. ಇದರಲ್ಲಿ ಬರೆಯುವಂಥದ್ದೇನಿದೆ ಎಂದು ನೀವು ಕೇಳಬಹುದು. ಆ ಸದ್ದಿನ ನಂತರವೂ ಗಾಡಿ ಕದಲದೆ ನಿಂತ ಒಂದು ಬೆಳಗನ್ನು ಕಂಡವನು ನಾನು. ಅದು ಹೊರಟದ್ದೇ ನನಗೆ ಆಶ್ಚರ್ಯ.

ಗಡಿಯಾಚೆಯ ಮಲೆಯಾಳ ಸೀಮೆಯಲ್ಲಿ, ಬಾವಲಿಯಿಂದ ಕಾಟ್ಟಿಕುಳಕ್ಕೆ ಹೋಗುವ ರಸ್ತೆ ಬಿಟ್ಟು ಒಳಕ್ಕೆ, ಕಾಡಿನಂಚಿನ ಒಂದು ಎಸ್ಟೇಟಿನ ಅತಿಥಿಗೃಹದಲ್ಲಿ ಆಗ ಉಳಿದುಕೊಂಡಿದ್ದೆ. ಭೂಮಿ ಕೇಳಿ ಆದಿವಾಸಿಗಳು ಕಾಡಿನೊಳಗೆ ಗುಡಿಸಲು ಹಾಕಿದ್ದ ಕಾಲ. ಪೇಟೆಯ ಗೋಡೆಗಳಲ್ಲಿ ನಕ್ಸಲೀಯರ ಪೋಸ್ಟರು, ರಸ್ತೆಯಲ್ಲಿ ಪೊಲೀಸರ ಜೀಪು. ಕಂಡದ್ದನ್ನು ಬರೆದು ಕಳಿಸು ಎಂದು ಪತ್ರಿಕೆ ನನ್ನನ್ನು ಅಟ್ಟಿತ್ತು. ನಾನು ಕಂಡದ್ದಕ್ಕಿಂತ ಕುಡಿದ ಕಾಫಿಯೇ ಹೆಚ್ಚು.

ಎಸ್ಟೇಟಿನ ಮೇಲ್ವಿಚಾರಕ ರಾಜಣ್ಣ. ಅವನ ತಂದೆ ಹೆಗ್ಗಡದೇವನಕೋಟೆ ಕಡೆಯಿಂದ ಬಂದು ನೆಲೆಸಿದವರು. ಅತಿಥಿಗಳನ್ನು ಸದ್ದಿಲ್ಲದೆ ತೋಟ ಸುತ್ತಿಸಲೆಂದು ಧಣಿಗಳು ಎಲ್ಲಿಂದಲೋ ಒಂದು ಹಳೆಯ ಗಾಲ್ಫ್ ಗಾಡಿ ಕೊಂಡು ತಂದಿದ್ದರು. “ಒಂದು ಚೆಂಡಿನ ಹಿಂದೆ ಹೋಗಾಕೂ ವಂಡಿ ಬೇಕಾ ಸಾರೆ? ಅವರಿಗೆ ಕಾಲಿಲ್ವಾ?” ಎಂದು ರಾಜಣ್ಣ ನಗುತ್ತಿದ್ದ. ದಾಂಡುಗಳನ್ನು ಇಡುವ ಹಿಂದಿನ ಜಾಗದಲ್ಲಿ ಅವನು ಗೊಬ್ಬರದ ಚೀಲ ಹೇರುತ್ತಿದ್ದ.

ಆ ಬೆಳಿಗ್ಗೆ ಕಾಡಿನ ಗುಡಿಸಲುಗಳಿಂದ ಬೊಮ್ಮ ಬಂದ. ಹಿಂದೆ ಇದೇ ತೋಟದಲ್ಲಿ ಕೂಲಿ ಮಾಡಿದವನು. ಅವನ ಹೆಂಡತಿ ಬಸವಿಗೆ ಹಿಂದಿನ ದಿನದಿಂದ ಹೆರಿಗೆ ನೋವು. ಕಂಬಳಿಯಲ್ಲಿ ಹೊತ್ತು ತೋಟದ ಶೆಡ್ಡಿನವರೆಗೆ ತಂದಿದ್ದರು. ರಸ್ತೆಗೆ ಇಳಿದರೆ ಪೊಲೀಸರು ಹಿಡಿಯುತ್ತಾರೆಂದು ಹೊತ್ತವರು ಕಾಡಿಗೆ ಮರಳಿದ್ದರು. ಅವಳ ಅತ್ತೆ ಮಾತ್ರ ಜೊತೆಗಿದ್ದಳು. ಬಾಡಿಗೆ ಜೀಪಿನವರು ಗುಡಿಸಲಿನವರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ತೋಟದ ಜೀಪು ಧಣಿಗಳೊಡನೆ ಹೋಗಿತ್ತು. ಆಸ್ಪತ್ರೆಗೆ ಒಯ್ಯಲು ಉಳಿದದ್ದು ಈ ಗಾಡಿ. ಧಣಿಗಳ ಗಾಡಿಯನ್ನು, ಅದರಲ್ಲೂ ಮುಂದೆ ನನ್ನಂಥ ಕನ್ನಡಕದವನು ಕೂತಿದ್ದರೆ, ಯಾರೂ ತಡೆಯುವುದಿಲ್ಲ ಎಂಬುದು ರಾಜಣ್ಣನ ಲೆಕ್ಕ.

ಕೀಲಿ ತಿರುಗಿಸಿದ. ದೀಪ ಹೊತ್ತಿತು, ಹಾರನ್ ಕೂಗಿತು. ಪೆಡಲ್ ಒತ್ತಿದರೆ ‘ಟಕ್’, ಅಷ್ಟೇ. ಚಾರ್ಜರ್ ನೋಡಿದ, ಸರಿಯಿತ್ತು. ಸೀಟು ಎತ್ತಿ ಬ್ಯಾಟರಿಗಳಲ್ಲಿ ನೀರಿದೆಯೇ ನೋಡಿದ, ಇತ್ತು. ತಂತಿಯ ತುದಿಗಳಲ್ಲಿ ಬಿಳಿ ಪುಡಿ ಹೂವಿನಂತೆ ಅರಳಿತ್ತು. ಸೋಡಾ ಕಲಸಿದ ಬಿಸಿನೀರು ಹಾಕಿ ಉಜ್ಜಿದ. ಮತ್ತೆ ‘ಟಕ್’. ಹಿಂದಕ್ಕೆ ಒಂದು ಗೇಣು ಸರಿದು ನಿಂತಿತು.

“ಅಣ್ಣಾ, ಬಿರ್ರನೆ ನೋಡಣ್ಣಾ,” ಎಂದ ಬೊಮ್ಮ. “ಅವಳಿಗೆ ನೋವು ನಿಂತೋಗ್ಯದೆ.”

“ನಿಂತ್ರೆ ಒಳ್ಳೇದಲ್ವೇನೋ?” ಎಂದ ರಾಜಣ್ಣ.

“ಅಲ್ಲ ಮಗಾ,” ಎಂದಳು ಅತ್ತೆ. “ನಿಲ್ಲಬಾರ್ದು.”

ಪೆಡಲ್ ಒತ್ತಿದಾಗಲೆಲ್ಲ ದೀಪ ಮಂಕಾಗುತ್ತಿತ್ತು. ಅದನ್ನು ಕಂಡು ರಾಜಣ್ಣ ತಲೆಗೆ ಕೈಹಚ್ಚಿ ಕೂತುಬಿಟ್ಟ. “ಬೇಲಿ ಸಾರೆ. ಬೇಲಿದು ಇದರಾಗೆ ಅದೆ.”

ವಿಷಯ ಸರಳ. ಆನೆಗಳನ್ನು ತಡೆಯುವ ಕರೆಂಟು ಬೇಲಿಗೂ ಬ್ಯಾಟರಿ ಬೇಕು. ಬೇಲಿಯದು ಸತ್ತಾಗ ಗಾಡಿಯಿಂದ ಒಳ್ಳೆಯದೊಂದನ್ನು ಕಿತ್ತು ಅಲ್ಲಿ ಹಾಕುವುದು, ಸತ್ತದ್ದನ್ನು ತಂದು ಗಾಡಿಯ ಸಾಲಿನಲ್ಲಿ ಕೂರಿಸುವುದು ಅವನ ರೂಢಿ. “ಅತಿಥಿ ಯಾವಾಗಲೋ ಬರ್ತಾನೆ. ಆನೆ ದಿನಾ ಬರ್ತದೆ,” ಎಂದ, ನಾನೇನೂ ಕೇಳದಿದ್ದರೂ. ಬಾಳೆ ಬೆಳೆಸಿದ ಯಾರಾದರೂ ಅದನ್ನೇ ಮಾಡುತ್ತಿದ್ದರು.

ಬೇಲಿಯಿದ್ದ ಹೊಳೆಯ ಬದಿಗೆ ಓಡಿ, ಅದರ ಕರೆಂಟು ಆರಿಸಿ, ಬೊಮ್ಮನೂ ಅವನೂ ಆ ಬ್ಯಾಟರಿ ಹೊತ್ತು ತಂದರು. ಜೋಡಿಸಿದ್ದೇ ಗಾಡಿ ಚಲಿಸಿತು. ಬೊಮ್ಮ ಮೊದಲ ಸಲ ನಕ್ಕ. ಬಸವಿಯನ್ನು ಹಿಂದೆ ಮಲಗಿಸಿ ಹೊರಟೆವು. ಆದರೆ ಸತ್ತದ್ದರ ಸಂಗದಲ್ಲಿ ತಿಂಗಳುಗಟ್ಟಲೆ ನಿಂತ ಉಳಿದ ಬ್ಯಾಟರಿಗಳೂ ಸೊರಗಿದ್ದವು. ರಸ್ತೆ ಕಾಣುವ ಮೊದಲೇ, ಏರಿನ ಅರ್ಧದಲ್ಲಿ ಗಾಡಿ ನಿಧಾನವಾಯಿತು. ಇಳಿದು ನೂಕಿದೆವು. ನನ್ನ ನೂಕಿನಿಂದ ಏನೂ ಆಗಲಿಲ್ಲ.

“ನಿಲ್ಸಿ,” ಎಂದಳು ಅತ್ತೆ. “ಗಂಡಸರು ಆಚೆ ಹೋಗಿ.”

ಹೋದೆವು, ಕಾದೆವು. ಮಗು ಅಳಲಿಲ್ಲ. ಬಸವಿ ಉಳಿದಳು.

ಆಸ್ಪತ್ರೆಗೆ ಹೋಗೋಣ, ರಸ್ತೆವರೆಗೆ ನಾವೇ ಹೊರೋಣ ಎಂದೆ. ಬೊಮ್ಮ ಕೇಳಿಸಿಕೊಳ್ಳಲಿಲ್ಲ. ಮಗುವನ್ನು ತನ್ನ ಪಂಚೆಯಲ್ಲಿ ಸುತ್ತಿಕೊಂಡಿದ್ದ. “ಗುಡಿಸಲ ತಾವೇ ಹೂಳ್ತೀನಿ ಸಾರೆ,” ಎಂದ.

“ಅದು ಫಾರೆಸ್ಟಿನ ಜಾಗ ಕಣೋ,” ಎಂದ ರಾಜಣ್ಣ, ಮೆಲ್ಲಗೆ.

“ಮಗು ಮಲಗಿದ ಮ್ಯಾಲೆ ಎಂಗಣ್ಣಾ ಅವರದಾಯ್ತದೆ? ಇನ್ನು ನಮ್ಮನ್ನ ಯಾರೂ ಎಬ್ಬಿಸಕ್ಕಾಗದು.”

ಎಬ್ಬಿಸಿದರು. ಕೆಲವೇ ವಾರಗಳಲ್ಲಿ ಗುಡಿಸಲುಗಳು ಸುಟ್ಟುಹೋದವು, ಜನ ಚದುರಿದರು. ಬೊಮ್ಮ, ಬಸವಿ ಎಲ್ಲಿಗೆ ಹೋದರೆಂದು ರಾಜಣ್ಣನಿಗೂ ತಿಳಿಯಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಚಾಲಕ “ಇಳೀರಿ ಯಜಮಾನ್ರೇ” ಎಂದ. ಇಷ್ಟು ವರ್ಷ ಈ ಕತೆಯನ್ನು ನಾನು ಕೆಟ್ಟ ಬ್ಯಾಟರಿಯ ಕತೆಯೆಂದೇ ಹೇಳುತ್ತ ಬಂದಿದ್ದೆ. ಅದೊಂದು ಸರಿಯಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂಬಂತೆ. ಈಗ ಹಾಗೆ ಹೇಳಲಾರೆ. ಗುಡಿಸಲುಗಳಿದ್ದ ಜಾಗದಲ್ಲಿ ಅರಣ್ಯ ಇಲಾಖೆಯವರು ಸಾಲಾಗಿ ತೇಗ ನೆಟ್ಟಿದ್ದಾರಂತೆ, ಚೆನ್ನಾಗಿ ಬಂದಿದೆಯಂತೆ. ಸಸಿಗೆಂದು ಗುಂಡಿ ತೋಡಿದವರಿಗೆ ಏನಾದರೂ ಸಿಕ್ಕಿತೇ ಎಂದು ಯಾರನ್ನು ಕೇಳಲಿ?