ಟೆಂಟಿನ ಗೌಸ್‌ಪೀರ್ ಮತ್ತು ಆಕಾಶದವರು

ಗೌಸ್‌ಪೀರನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವನು ಸತ್ತು ಎರಡು ವರ್ಷವಾಯಿತು, ಈಗಲೂ ಆಗುವುದಿಲ್ಲ. ಸವಳಂಗದವನು. ಟೂರಿಂಗ್ ಟೆಂಟಿಗೆ ಇಂಗ್ಲಿಷ್ ಸಿನಿಮಾ ಬಂದಾಗ ಮೈಕು ಹಿಡಿದು ಕನ್ನಡದಲ್ಲಿ ಕತೆ ಹೇಳುವುದು ಅವನ ಕೆಲಸ. ಅವನಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಪರದೆಯ ಮೇಲಿನವರು ತುಟಿ ಆಡಿಸಿದರೆ ಸಾಕು, ಇವನು ಬಾಯಿಗೆ ಬಂದದ್ದು ಹೇಳುತ್ತಿದ್ದ.

೧೯೭೮ರ ಬೇಸಿಗೆಯಲ್ಲಿ ಹೊನ್ನಾಳಿಯಲ್ಲಿ ಟೆಂಟು ಹಾಕಿದ್ದು ಊರಿಗೇ ದೊಡ್ಡ ಜಮೀನ್ದಾರ ಮಲ್ಲೇಶಪ್ಪನ ಹೊಲದಲ್ಲಿ, ನನ್ನ ಹೋಟೆಲಿನ ಎದುರಿಗೆ. ಗೌಸ್‌ಪೀರ್ ದಿನಕ್ಕೆ ನಾಲ್ಕು ಸಲ ಚಹಾಕ್ಕೆ ಬರುತ್ತಿದ್ದ. ಅವನಿಗೆ, ಪಾಪಣ್ಣನಂಥ ಕೂಲಿಯವರಿಗೆ ಲೋಟ ಬೇರೆ. ಬಾಗಿಲಾಚೆ ಗೂಟಕ್ಕೆ ಸಿಕ್ಕಿಸಿರುತ್ತಿದ್ದೆ. ಅವರು ಬಂದರೆ ತಲೆ ಎತ್ತದೆ, "ಗೂಟದಾಗೈತೆ, ತಗೋ" ಎನ್ನುತ್ತಿದ್ದೆ. ಆಗ ಹಾಗೆ ಮಾಡುತ್ತಿದ್ದವನು ನಾನೊಬ್ಬನೇ ಅಲ್ಲ.

ಆ ಸಲ ಬಂದದ್ದು ಗೀರು ಬಿದ್ದ ಕಪ್ಪು-ಬಿಳುಪು ಸಿನಿಮಾ. ಆಕಾಶದಿಂದ ತಟ್ಟೆಯಂಥ ವಿಮಾನದಲ್ಲಿ ಯಾರೋ ಇಳಿಯುತ್ತಾರೆ, ಊರು ಸುಡುತ್ತಾರೆ, ಕೊನೆಗೆ ಸಾಯುತ್ತಾರೆ. ಅಷ್ಟೇ. ಜನ ನೋಡಿದ್ದನ್ನೇ ಮೂರು ಮೂರು ಸಲ ನೋಡಿದರು. ಯಾಕೆಂದು ನನಗೆ ಗೊತ್ತು. ಊರಿನ ದೊಡ್ಡವರನ್ನು ಎದುರಿಗೆ ಬೈಯುವ ಧೈರ್ಯ ಯಾರಿಗೂ ಇರಲಿಲ್ಲ. ಆಕಾಶದವನನ್ನಾದರೆ ಬಾಯ್ತುಂಬ ಬೈಯಬಹುದು, ಅವನು ನಾಳೆ ಕೂಲಿ ತಪ್ಪಿಸುವುದಿಲ್ಲ.

ಗೌಸ್‌ಪೀರನಿಗೂ ಅದು ಗೊತ್ತಿತ್ತು. ಆಕಾಶದವರ ಯಜಮಾನನಿಗೆ ಮಲ್ಲೇಶಪ್ಪನ ಕೆಮ್ಮನ್ನೇ ಕೊಟ್ಟ. ಎರಡು ಸಲ ಗಂಟಲು ಸರಿಮಾಡಿಕೊಂಡು, "ಯಾರ ಆಳಲೇ ನೀನು?" ಎನ್ನುವುದು. ಟೆಂಟು ಬಿದ್ದು ಬಿದ್ದು ನಗುತ್ತಿತ್ತು. ನಾನು ಹೋಟೆಲ್ ಬಿಟ್ಟು ಹೋಗುವಂತಿರಲಿಲ್ಲ. ಎಲ್ಲ ಪಾಪಣ್ಣನೇ ಬಂದು ಹೇಳುತ್ತಿದ್ದ.

ಒಂದು ಸಂಜೆ ಮಲ್ಲೇಶಪ್ಪನೇ ಟೆಂಟಿಗೆ ಬಂದು ಕುರ್ಚಿಯಲ್ಲಿ ಕೂತ. ಇವತ್ತು ಟೆಂಟು ಕೀಳಿಸುತ್ತಾನೆ, ಗೌಸ್‌ಪೀರನ ಅನ್ನ ಹೋಗುತ್ತದೆ ಎಂದು ನನಗೆ ಒಳಗೊಳಗೇ ಖುಷಿ. ಗೌಸ್‌ಪೀರ್ ಆವತ್ತೂ ಆ ಕೆಮ್ಮು ಬಿಡಲಿಲ್ಲವಂತೆ. ಮಲ್ಲೇಶಪ್ಪ ಎದ್ದು ನಿಂತು, ಪರದೆಯ ಕಡೆ ಕೈತೋರಿಸಿ, "ಇವನು ನಮ್ಮೂರಿಗೆ ಬಂದಿದ್ರೆ ಕಾಲು ಮುರೀತಿದ್ದೆ" ಎಂದನಂತೆ. ತನ್ನ ಕೆಮ್ಮು ತನಗೇ ಗೊತ್ತಾಗಲಿಲ್ಲ, ಪೆದ್ದ. ವಾರವಿಡೀ ಬಂದ ಗಿರಾಕಿಗಳಿಗೆಲ್ಲ ಹೇಳಿ ನಕ್ಕೆ.

ಕೊನೆಯ ದಿನ ಹೋಟೆಲನ್ನು ಹೆಂಡತಿಗೆ ಒಪ್ಪಿಸಿ ಬೆಂಚಿನ ಟಿಕೆಟ್ ಕೊಂಡೆ. ಪಾಪಣ್ಣ ನೆಲದಲ್ಲಿ, ನನ್ನ ಕಾಲ ಹತ್ತಿರ ಕೂತಿದ್ದ. ಊರು ಸುಟ್ಟ ಮೇಲೆ ಒಬ್ಬ ಮುದುಕ ಯಜಮಾನನ ಮುಂದೆ ಕೈಚಾಚಿ ನಿಲ್ಲುತ್ತಾನೆ. ಯಜಮಾನ ತಲೆ ಎತ್ತುವುದಿಲ್ಲ. ಮೈಕಿನಲ್ಲಿ ಈ ಸಲ ಕೆಮ್ಮು ಬರಲಿಲ್ಲ.

"ಗೂಟದಾಗೈತೆ, ತಗೋ."

ಟೆಂಟೆಲ್ಲ 'ಥೂ' ಎಂದಿತು. ಎಲ್ಲರಿಗಿಂತ ಜೋರಾಗಿ ಎಂದವನು ನಾನು. ಎಂದ ಮೇಲೆ ಆ ಮಾತು ಯಾರದೆಂದು ಹೊಳೆಯಿತು. ಪಾಪಣ್ಣ ತಿರುಗಿ ನೋಡಿದ.

"ನೀವೂ ಉಗುಳಿದ್ರಾ ಸಾವ್ಕಾರ್ರೆ?" ಎಂದ. ನಗಲಿಲ್ಲ.

ಊರು ಎಷ್ಟು ದಿನದಿಂದ ನನ್ನನ್ನು ಹೀಗೆ ಉಗಿಯುತ್ತಿತ್ತೋ. ಇದೊಂದನ್ನು ಮಾತ್ರ ಪಾಪಣ್ಣ ನನಗೆ ಹೇಳಿರಲಿಲ್ಲ.

ಮರುದಿನ ಟೆಂಟು ಕಿತ್ತು ನ್ಯಾಮತಿಗೆ ಹೊರಟ ಲಾರಿಗೆ ಹೇರಿದ ಮೇಲೆ ಗೌಸ್‌ಪೀರ್ ಬಂದ. ಒಳಗಿನ ಲೋಟದಲ್ಲಿ ಕೊಡಬೇಕೆಂದು ಬೆಳಗಿನಿಂದ ಅಂದುಕೊಂಡಿದ್ದೆ. ಮುಖ ಕಂಡ ಕೂಡಲೇ ಸಿಟ್ಟು ನೆತ್ತಿಗೇರಿತು.

"ಗೂಟದಾಗೈತೆ" ಎಂದೆ.

ಅವನೇ ತೆಗೆದು, ತೊಳೆದು ಹಿಡಿದ. ಮೇಲಿಂದ ಚಹಾ ಸುರಿದೆ. ಸುಮ್ಮನಿರಲಾಗದೆ ಕೇಳಿದೆ.

"ನ್ಯಾಮತಿಯಾಗೂ ಇದೇ ಪಿಕ್ಚರ್ ಏನು?"

"ಹೂಂ ರೀ" ಎಂದ, ಲೋಟವನ್ನು ಗೂಟಕ್ಕೆ ಸಿಕ್ಕಿಸುತ್ತ. "ಎಲ್ಲಾ ಊರಾಗೂ ಓಡ್ತೈತೆ."