ಅಕ್ಕನ ಗಂಡನ ಲ್ಯಾಪ್‌ಟಾಪಿನ ಫ್ಯಾನು

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಇಳಕಲ್ಲಿನ ಅಕ್ಕನ ಗಂಡ ತಮ್ಮ ಲ್ಯಾಪ್‌ಟಾಪನ್ನು ಹದಿನೈದು ದಿನದ ಮಟ್ಟಿಗೆ ನನಗೆ ಕೊಟ್ಟಿದ್ದರು. ನೇಕಾರ ಮನೆತನದವರು, ಸೀರೆಯ ದಡಿಯ, ಅಂದರೆ ಅಂಚಿನ, ವಿನ್ಯಾಸಗಳನ್ನು ಅದರಲ್ಲೇ ಬಿಡಿಸುತ್ತಿದ್ದರು. ನಮ್ಮ ಪ್ರಾಜೆಕ್ಟು ಓಡುತ್ತಿದ್ದುದು ವಿಂಡೋಸಿನಲ್ಲಲ್ಲ, ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮಾತ್ರ. ಕಾಲೇಜಿನ ಹತ್ತಿರ ವಿದ್ಯಾಗಿರಿಯಲ್ಲಿದ್ದ ನನ್ನ ಬಾಡಿಗೆ ಕೋಣೆಗೆ ಬಂದ ದಿನವೇ, ಅವರನ್ನು ಒಂದು ಮಾತೂ ಕೇಳದೆ, ಡಿಸ್ಕಿನಲ್ಲಿ ವಿಂಡೋಸ್ ಪಕ್ಕಕ್ಕೆ ಜಾಗ ಮಾಡಿ ಲಿನಕ್ಸ್ ಹಾಕಿಬಿಟ್ಟೆ.

ಮೇ ತಿಂಗಳು. ಒಂದು ಮಧ್ಯಾಹ್ನ ಲ್ಯಾಪ್‌ಟಾಪು ತಟ್ಟನೆ ಬಂದಾಯಿತು. ಕೀಲಿಗಳ ಮೇಲೆ ಕೈ ಇಡಲಾಗದಷ್ಟು ಬಿಸಿ. ಆರಲು ಬಿಟ್ಟು ಮತ್ತೆ ಹಚ್ಚಿದೆ. ಅರ್ಧ ತಾಸಿಗೆ ಮತ್ತದೇ. ಬದಿಯ ಜಾಲರಿಗೆ ಕಿವಿಗೊಟ್ಟೆ. ಒಳಗಿನ ಫ್ಯಾನಿನ ಸದ್ದೇ ಇಲ್ಲ.

"ಮಗ್ಗದ ಮನಿದು, ನೂಲಿನ ಧೂಳ ಸಿಕ್ಕಿರಬೇಕು. ಬಿಚ್ಚಿ ನೋಡೂಣು," ಅಂದಳು ಕೋಣೆಯ ಗೆಳತಿ.

"ಮಂದೀದು ಐತಿ. ಬಿಚ್ಚಿದ್ರ ತಿರಗಿ ಕೂಡಸಾಕ ಬರತೈತೇನ ನಿನಗ?" ಅಂದೆ.

ಕೊನೆಗೆ, ಅಲ್ಲಾದರೂ ಫ್ಯಾನು ತಿರುಗೀತೇ ನೋಡೋಣವೆಂದು, ಹೆದರುತ್ತಲೇ ವಿಂಡೋಸ್ ತೆರೆದೆ. ಸ್ವಲ್ಪ ಹೊತ್ತಿಗೆ ಫ್ಯಾನು ಗುಂಯ್ ಎಂದು ತಿರುಗಿತು, ಅಂಗೈಗೆ ಬಿಸಿಗಾಳಿ ತಾಗಿತು. ಹಾಗಾದರೆ ಫ್ಯಾನು ಕೆಟ್ಟಿರಲಿಲ್ಲ. ಲಿನಕ್ಸ್ ಅದನ್ನು ಚಾಲೂ ಮಾಡುತ್ತಿರಲಿಲ್ಲ, ಅಷ್ಟೆ. ಅಂದರೆ ತಪ್ಪು ನನ್ನದೇ.

ಬಿಸಿಲಲ್ಲೇ ಸೈಬರ್ ಕೆಫೆಗೆ ಓಡಿದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ, ಯಾವುದೋ ದೇಶದವನೊಬ್ಬನಿಗೂ ಇದೇ ಕಾಟ ಆಗಿತ್ತು. ಅವನಿಗೆ ಬಂದಿದ್ದ ಉತ್ತರವನ್ನು ನೋಟ್‌ಬುಕ್ಕಿಗೆ ಒಂದೊಂದೇ ಅಕ್ಷರ ಇಳಿಸಿಕೊಂಡು ಬಂದೆ. ಲಿನಕ್ಸ್‌ನಲ್ಲಿ ಬಿಸಿಯನ್ನು ತೋರಿಸುವ ಒಂದು ಫೈಲು, ಫ್ಯಾನಿಗೇ ಒಂದು ಫೈಲು. ಮೊದಲನೆಯದು ಎಂಬತ್ತನಾಲ್ಕು ಡಿಗ್ರಿ ಅಂತಿತ್ತು. ಎರಡನೆಯದು 'ಆಫ್' ಅಂತಿತ್ತು. ಫ್ಯಾನಿನ ಫೈಲಿಗೆ ಸೊನ್ನೆ ಬರೆದೆ. ಅಲ್ಲಿ ಸೊನ್ನೆ ಎಂದರೆ ಚಾಲೂ ಅಂತೆ. ಎರಡು ಕ್ಷಣ ಏನೂ ಇಲ್ಲ. ಆಮೇಲೆ ಫ್ಯಾನು ತಿರುಗಿತು. ಗೆಳತಿ ಚಪ್ಪಾಳೆ ಹೊಡೆದಳು. ಪ್ರತಿ ಸಲ ಹಚ್ಚಿದಾಗ ತಾನಾಗಿಯೇ ಆ ಸೊನ್ನೆ ಬೀಳುವಂತೆ ಮಾಡಿಟ್ಟೆ. ಆದರೂ ಪ್ರಾಜೆಕ್ಟು ಮುಗಿಯುವವರೆಗೆ ಐದೈದು ನಿಮಿಷಕ್ಕೆ ಡಿಗ್ರಿ ನೋಡುವುದು ತಪ್ಪಲಿಲ್ಲ.

ಆಮೇಲೆ ಹುನಗುಂದದ ಮೇಲೆ ಹಾದುಹೋಗುವ ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡೇ ಇಳಕಲ್ಲಿಗೆ ಹೋದೆ. ಚಪ್ಪಲಿ ಬಿಡುತ್ತಲೇ ಹೇಳಿಬಿಟ್ಟೆ: "ಮಾಮಾ, ನಿಮ್ಮನ್ನ ಕೇಳದ ಇದರಾಗ ಲಿನಕ್ಸ್ ಹಾಕೇನಿ. ಫ್ಯಾನ್ ತಿರಗದ ಎರಡ ಸಲ ಕಾದು ಬಂದ್ ಆತು. ಈಗ ಸರಿ ಮಾಡೇನಿ."

ಅವರು ಫ್ಯಾನಿನ ಮಾತೇ ಎತ್ತಲಿಲ್ಲ. "ನನ್ನ ದಡಿ ಅದಾವಿಲ್ಲವಾ?" ಅಂದರು.

ಲಿನಕ್ಸ್‌ಗೆ ಜಾಗ ಮಾಡುವಾಗ ಡಿಸ್ಕಿನಲ್ಲಿದ್ದದ್ದು ಅಳಿಸಿಹೋಗಬಹುದು, ಮೊದಲೇ ಆ ವಿನ್ಯಾಸಗಳದೊಂದು ಪ್ರತಿ ತೆಗೆದಿಡಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ. ಇಷ್ಟು ದಿನ ನಾನು ಹೆದರಿದ್ದು ಬರೀ ಫ್ಯಾನಿಗೆ. ಇಬ್ಬರೂ ಕೂತು ಒಂದೊಂದನ್ನೇ ತೆರೆದು ನೋಡಿದೆವು. ಅಕ್ಕ ತಂದಿಟ್ಟ ಚಹಾ ಕೆನೆಗಟ್ಟಿತು. ಎಲ್ಲವೂ ಇದ್ದವು.

"ಅದಾವ ಬಿಡು," ಅಂದು ಉಸಿರುಬಿಟ್ಟರು. "ಇನ್ನಮ್ಯಾಲೆ ಕೇಳಿ ಮಾಡವಾ."

ಲಿನಕ್ಸನ್ನು ಅವರೆದುರೇ ತೆಗೆದುಕೊಟ್ಟು ಹೋಗಬೇಕೆಂದು ಬಂದಿದ್ದೆ. ಆದರೆ ಆ ಡಿಸ್ಕನ್ನು ಮತ್ತೆ ಮುಟ್ಟಲು ಅವರೂ ಬಿಡಲಿಲ್ಲ, ನನಗೂ ಧೈರ್ಯವಾಗಲಿಲ್ಲ.